ಓದಲು ಮಾತ್ರ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಬೀಗಿತ್ತಿ ಎನ್ನುತ್ತಿದ್ದರು. ಮಗನಿಗೆ ಹೆಣ್ಣು ತಂದವಳಲ್ಲ, ಮಗಳನ್ನು ಕೊಟ್ಟವಳೂ ಅಲ್ಲ. ಮದುವೆಯಾಗಿ ಆರು ವರ್ಷವಾಗಿದ್ದರೂ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಹೆಸರು ಬಂದದ್ದು ಕೆಲಸದಿಂದ. ಆಸ್ಪತ್ರೆಗಳಿಗೆ ಸಿರಿಂಜ್ ಪಂಪು ಮಾಡಿ ಮಾರುವ ಆ ಸಣ್ಣ ಕಂಪನಿಯಲ್ಲಿ ಪಂಪಿನೊಳಗಿನ ಕರ್ನೆಲ್ ಅವಳದು. ಕರ್ನೆಲ್ ಎಂದರೆ ಮೀಸೆ ತಿರುವುವ ಸೇನೆಯ ಕರ್ನಲ್ ಅಲ್ಲ, ಆದರೆ ದರ್ಬಾರು ಹೆಚ್ಚುಕಡಿಮೆ ಅದೇ. ಸ್ವಿಚ್ ಹಾಕಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು, ಯಂತ್ರದ ಮೆಮೊರಿಯನ್ನೆಲ್ಲ ತನ್ನ ಸುಪರ್ದಿಗೆ ತೆಗೆದುಕೊಂಡು, ಯಾರು ಎಲ್ಲಿ ಕೂರಬೇಕು, ಯಾರು ಏನನ್ನು ಮುಟ್ಟಬಾರದು ಎಂದು ಗೊತ್ತುಮಾಡುವ ತಂತ್ರಾಂಶ ಅದು. ಮೆಮೊರಿಯನ್ನು ಪುಟಗಳಾಗಿ ಕತ್ತರಿಸುತ್ತದೆ. ಒಂದೊಂದು ಪುಟಕ್ಕೆ ನಾಲ್ಕು ಸಾವಿರ ಚಿಲ್ಲರೆ ಅಕ್ಷರ. ಪುಟಪುಟಕ್ಕೂ ಮೂರು ಬೀಗ: ಇಲ್ಲಿರುವುದನ್ನು ಓದಬಹುದೇ, ಇಲ್ಲಿ ಬರೆಯಬಹುದೇ, ಇಲ್ಲಿರುವುದನ್ನು ಆಜ್ಞೆಯೆಂದು ನಡೆಸಬಹುದೇ. ಆಜ್ಞೆಗಳಿರುವ ಪುಟವನ್ನು ಓದಬಹುದು, ನಡೆಸಬಹುದು, ಬರೆಯುವಂತಿಲ್ಲ. ಗಳಿಗೆಗೊಮ್ಮೆ ಬದಲಾಗುವ ಅಂಕಿಗಳ ಪುಟದಲ್ಲಿ ಬರೆಯಬಹುದು, ನಡೆಸುವಂತಿಲ್ಲ. ಎಂದೂ ಬದಲಾಗಬಾರದ ಕೋಷ್ಟಕಗಳ ಪುಟ ಓದಲು ಮಾತ್ರ. ಈ ಬೀಗ ಹಾಕುವ ಇನ್ನೂರು ಸಾಲುಗಳನ್ನು ಅವಳೇ ಬರೆದಿದ್ದಳು. ಬರೆದದ್ದಕ್ಕೆ ಬೀಗುತ್ತಲೂ ಇದ್ದಳು. ಹಾಗಾಗಿ ಬೀಗಿತ್ತಿ.

ಮನೆಯಲ್ಲಿ ಅವಳಿಗೊಬ್ಬ ನಾದಿನಿ. ದೊಡ್ಡಾಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ನರ್ಸು. ಯಾರ ದನಿ ಕಿವಿಗೆ ಬಿದ್ದರೂ ಮರುಗಳಿಗೆ ಅದೇ ದನಿಯಲ್ಲಿ ಉಲಿಯುತ್ತಿದ್ದುದರಿಂದ ಮನೆಯವರಿಗೆ ಅವಳು ಗಿಣಿ. ಮೂಗಿನಲ್ಲಿ ಮಾತಾಡುವ ದೊಡ್ಡ ಡಾಕ್ಟರು, ವಾಕ್ಯಕ್ಕೊಂದು ಸಲ ‘ಬೇಸಿಕಲಿ’ ಎನ್ನುವ ಬೀಗಿತ್ತಿಯ ಮ್ಯಾನೇಜರು, ಔಷಧ ಮುಗಿದಾಗ ಕೀ ಕೀ ಎನ್ನುವ ಪಂಪು, ಎಲ್ಲರೂ ಅವಳ ಗಂಟಲಲ್ಲಿ ಬಾಡಿಗೆಗಿದ್ದರು. ಒಮ್ಮೆ ಊಟದ ಹೊತ್ತಿನಲ್ಲಿ ಬೀಗಿತ್ತಿ ಓದು, ಬರೆ, ನಡೆಸು ಎಂದು ಬೆರಳು ಮಡಚಿ ವಿವರಿಸಿದಾಗ ಗಿಣಿ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದಳು:

“ಅಂದ್ರೆ ನಮ್ಮ ವಾರ್ಡಿನ ಕೇಸ್‌ಶೀಟ್ ಥರ ಅನ್ನಿ ಅತ್ತಿಗೆ. ಓದಿ ಅಳೋರು ರೋಗಿ ಕಡೆಯೋರು. ಬರೆಯೋರು ಡಾಕ್ಟ್ರು, ಅದು ಯಾರಿಗೂ ಓದೋಕೆ ಬರಲ್ಲ. ಬೆಳಗಿಂದ ಸಂಜೆ ತನಕ ನಡೆಯೋಳು ನಾನು.”

“ನನ್ನದೇನೂ ನಡೆಯಲ್ಲಪ್ಪ ಈ ಮನೇಲಿ,” ಎಂದಿದ್ದ ಗಿಣಿಯ ಅಣ್ಣ. ಅವನು ಲಿಫ್ಟ್ ರಿಪೇರಿಯವನು. ತನ್ನ ಉದ್ಯೋಗದಲ್ಲಿ ಏರಿಳಿತ ಜಾಸ್ತಿ ಎಂದು ವಾರಕ್ಕೆರಡು ಸಲವಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆ ನಗು ಒಂದು ಮಂಗಳವಾರಕ್ಕೆ ಮುಗಿಯಿತು.

ಅಂದು ಬೀಗಿತ್ತಿಗೆ ಜ್ವರ, ರಜೆ ಹಾಕಿದ್ದಳು. ಮಧ್ಯಾಹ್ನ ಮೂರೂವರೆಗೆ ಬಾಗಿಲ ಸದ್ದಾಯಿತು. ಗಿಣಿಯ ಪಾಳಿ ಮುಗಿಯುವುದು ಸಂಜೆ ಆರಕ್ಕೆ. ಅವಳು ಶೂ ಕೂಡ ಬಿಚ್ಚದೆ ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು.

“ಹನ್ನೊಂದನೇ ಹಾಸಿಗೆ ತಾತ ಹೋಗ್ಬಿಟ್ರು,” ಎಂದಳು. “ನಾನೇ ಕೊಂದೆ ಅಂತಿದ್ದಾರೆ.”

ಆ ತಾತನ ಸುದ್ದಿ ಮನೆಗೆ ಹೊಸದಲ್ಲ. ಗಿಣಿಯಿಂದ ದಿನಕ್ಕೊಂದು ಸಲ ದೊಡ್ಡ ಡಾಕ್ಟರ ದನಿ ಮಾಡಿಸಿಕೊಂಡು, ಕೆಮ್ಮು ಬರುವ ತನಕ ನಗುತ್ತಿದ್ದವರು. ಬೀಗಿತ್ತಿ ನೀರು ಕೊಟ್ಟು, ಎದುರಿಗೆ ಕುಳಿತು, ಒಂದೊಂದಾಗಿ ಕೇಳಿದಳು. ಗಿಣಿಯೂ ಒಂದೊಂದಾಗಿ ಹೇಳಿದಳು.

“ಹನ್ನೊಂದು ಗಂಟೆಗೆ ಐವತ್ತು ಮಿಲಿ ಸಿರಿಂಜು ಹಾಕ್ದೆ. ಬಿ.ಪಿ. ಇಳಿಸೋ ಔಷಧ. ತಾತ ಆಗಷ್ಟೇ ಕಣ್ಣು ಮುಚ್ಚಿದ್ರು. ಕೀ ಕೀ ಅಂದ್ರೆ ಎದ್ದುಬಿಡ್ತಾರೆ ಅಂತ ಪಂಪ್ ಹಚ್ಚಿದ ಕೂಡಲೇ ಸದ್ದಿನ ಬಟನ್ ಒತ್ತಿ ಬಾಯಿ ಮುಚ್ಚಿಸ್ದೆ. ಆಮೇಲೆ ಐದು ಒತ್ತಿದೆ. ಗಂಟೆಗೆ ಐದು ಮಿಲಿ. ಹತ್ತು ಗಂಟೆ ಬರಬೇಕಾದ್ದು ಅತ್ತಿಗೆ, ಒಂದೇ ಗಂಟೆಗೆ ಖಾಲಿ.”

“ಪರದೆ ಮೇಲೆ ಎಷ್ಟಿತ್ತು?”

“ಐದು.”

“ಖಾಲಿಯಾದ ಮೇಲೆ ನೋಡಿದಾಗ?”

“ಆಗ ಯಾರು ನೋಡ್ತಾರೆ? ಓಡಿ ಬಂದವರು ಮೊದಲು ಮಾಡಿದ್ದೇ ಪಂಪ್ ಆರಿಸಿ ಕಿತ್ತು ಹಾಕಿದ್ದು. ಯಾವ ಪಂಪ್ ಅಂತ ಕೇಳಲ್ವಾ? ನಿಮ್ಮದೇ.”

ಮರುದಿನ ಆ ಪಂಪು ಕಂಪನಿಗೆ ಬಂತು. ಯಾವ ಬಟನ್ ಒತ್ತಿದರೆಂದು ಪಂಪು ಬರೆದಿಟ್ಟುಕೊಳ್ಳುವುದಿಲ್ಲ. ಒಳಗಿನ ಮೋಟಾರು ಎಷ್ಟು ಹೆಜ್ಜೆ ತಿರುಗಿತು ಎಂಬುದನ್ನಷ್ಟೇ ನೆನಪಿಡುತ್ತದೆ. ಒಂದು ಮಿಲಿಗೆ ಎಷ್ಟು ಹೆಜ್ಜೆ ಎಂಬ ಅಂಕಿ ಸಿರಿಂಜಿನಿಂದ ಸಿರಿಂಜಿಗೆ ಬೇರೆ, ಅವೆಲ್ಲ ಒಂದು ಕೋಷ್ಟಕದಲ್ಲಿವೆ. ಐವತ್ತು ಮಿಲಿಯ ಸಿರಿಂಜಿಗೆ ಇನ್ನೂರ ನಲವತ್ತು ಹೆಜ್ಜೆ. ಆಫೀಸಿನ ಕಂಪ್ಯೂಟರು ತಿರುಗಿದ ಹೆಜ್ಜೆಗಳನ್ನು ಆ ಇನ್ನೂರ ನಲವತ್ತರಿಂದ ಭಾಗಿಸಿ ಉತ್ತರ ಕೊಟ್ಟಿತು: ಗಂಟೆಗೆ ಐವತ್ತು. ಸರ್ವಿಸಿನವನು ಪಂಪನ್ನು ಹೊಸದಾಗಿ ಹಚ್ಚಿ ಐದು ಒತ್ತಿ ನೋಡಿದ, ಐದೇ ಹರಿಯಿತು. ಯಂತ್ರ ಸರಿಯಿದೆ ಎಂದು ಬರೆದ. ಐದಕ್ಕೂ ಐವತ್ತಕ್ಕೂ ನಡುವೆ ಇರುವುದು ಒಂದು ಸೊನ್ನೆ, ಸೊನ್ನೆ ಒತ್ತಲು ಬೇಕಾದದ್ದು ಒಂದು ಬೆರಳು.

“ಎರಡೇ ದಾರಿ ಇರೋದು,” ಎಂದಳು ಬೀಗಿತ್ತಿ ಅಂದು ಸಂಜೆ, ಆದಷ್ಟು ಮೆತ್ತಗೆ. “ಒಂದೋ ಐವತ್ತು ಅಂತ ಒತ್ತಿರಬೇಕು. ಇಲ್ಲಾ ಓಡ್ತಾ ಓಡ್ತಾ ಕೋಷ್ಟಕದ ಅಂಕಿ ಬದಲಾಗಿರಬೇಕು. ಎರಡನೇದು ಆಗೋಕೆ ಸಾಧ್ಯ ಇಲ್ಲ ಗಿಣಿ. ಆ ಪುಟ ಓದಲು ಮಾತ್ರ. ಯಾರಾದ್ರೂ ಅಲ್ಲಿ ಬರೆಯೋಕೆ ಹೋದ್ರೆ ಕರ್ನೆಲ್ ಅಲ್ಲೇ ಯಂತ್ರ ನಿಲ್ಲಿಸಿ ಅರಚುತ್ತೆ.”

“ನಿಜವಾಗ್ಲೂ ಆಗಲ್ವಾ?”

“ಆಗಲ್ಲ. ಬೀಗ ಹಾಕಿದವಳು ನಾನೇ.”

“ಲಿಫ್ಟ್ ಕೆಟ್ರೆ ನಾವು ಬಟನ್ ಒತ್ತಿದವರನ್ನ ಮೊದಲು ಕೇಳಲ್ಲ,” ಎಂದ ಗಿಣಿಯ ಅಣ್ಣ, ಗೋಡೆಯ ಕಡೆ ನೋಡುತ್ತ. “ಮೊದಲು ಲಿಫ್ಟನ್ನ ಕೇಳ್ತೀವಿ.”

“ರೀ, ಇದು ಲಿಫ್ಟಲ್ಲ.”

“ಹೌದಮ್ಮ. ಲಿಫ್ಟಾಗಿದ್ರೆ ಬಿಚ್ಚಿ ನೋಡ್ತಿದ್ದೆ.”

ಆ ಮಾತು ಅವಳಿಗೆ ಚುಚ್ಚಿತು. ಚುಚ್ಚಿದ್ದಕ್ಕೆ ಬಿಚ್ಚಿ ನೋಡಬಹುದಿತ್ತು. ನೋಡಲಿಲ್ಲ. ಸ್ವಂತ ಕೈಯಿಂದ ಹಾಕಿದ ಬೀಗವನ್ನು ಮತ್ತೆ ಜಗ್ಗಿ ನೋಡುವವರು ಹೊಸಬರು ಎಂಬುದು ಅವಳ ಭಾವನೆ.

ವಾರದ ಮೇಲೆ ಮ್ಯಾನೇಜರು ಕರೆದರು. ಆಸ್ಪತ್ರೆಯ ವಿಚಾರಣಾ ಸಮಿತಿಗೆ ಕಂಪನಿಯಿಂದ ತಾಂತ್ರಿಕ ಪತ್ರ ಬೇಕಿತ್ತು.

“ಆ ನರ್ಸು ನನ್ನ ನಾದಿನಿ ಸಾರ್,” ಎಂದಳು.

“ಬೇಸಿಕಲಿ, ಯಂತ್ರಕ್ಕೆ ನಾದಿನಿ ಇಲ್ಲ. ಕೋಷ್ಟಕ ಬದಲಾಗುತ್ತೋ ಇಲ್ವೋ?”

“ಬದಲಾಗಲ್ಲ.”

“ಅಷ್ಟೇ ಬರೀರಿ. ನಿಮ್ಮ ಮನೆಯವರು ಅಂತ ಬೇರೆಯವರ ಕೈಲಿ ಬರೆಸಿದ್ರೆ, ಬೇಸಿಕಲಿ, ಅನುಮಾನ ಬರುತ್ತೆ. ಗೊತ್ತಿರೋದು ನಿಮಗೊಬ್ಬರಿಗೇ.”

ಅವಳು ಬರೆದಳು. ಐದು ಸಾಲು. ಕೋಷ್ಟಕ ಇರುವ ಪುಟ ಓದಲು ಮಾತ್ರ, ಚಾಲನೆಯಲ್ಲಿರುವಾಗ ಅದನ್ನು ಯಾವ ವಿಧದಿಂದಲೂ ತಿದ್ದಲಾಗದು. ಕೆಳಗೆ ಸಹಿ. ಸಂಕಟವಾದದ್ದು ನಿಜ, ಆದರೆ ಅದು ಸುಳ್ಳು ಬರೆಯುವವರ ಸಂಕಟವಾಗಿರಲಿಲ್ಲ. ನಿಜವನ್ನೇ ಬರೆಯುತ್ತಿದ್ದೇನೆ, ಅದು ನಮ್ಮವಳ ಮೇಲೆಯೇ ಬೀಳುತ್ತಿದೆಯಲ್ಲ ಎಂಬ ಸಂಕಟ. ಆ ಸಂಕಟದಲ್ಲೂ ಒಂದು ಚೂರು ಹೆಮ್ಮೆ ಇತ್ತೆಂದು ಅವಳಿಗೆ ಆಮೇಲೆ ಅನ್ನಿಸಿತು.

ಗಿಣಿಗೆ ಕೆಲಸಕ್ಕೆ ಬರಬೇಡ ಎಂದಿದ್ದರು. ಮೊದಲ ವಾರ ಸಿಟ್ಟಿನಲ್ಲಿದ್ದಳು. “ಐದೇ ಒತ್ತಿದ್ದು, ಬೇಕಾದ್ರೆ ಬೆರಳು ಕತ್ತರಿಸಿ ಕೇಳಿ,” ಎನ್ನುತ್ತಿದ್ದಳು. ಎರಡನೇ ವಾರ ಪ್ರಶ್ನೆಗಳಿಗಿಳಿದಳು. ಬೀಗಿತ್ತಿ ಹಲ್ಲುಜ್ಜುವಾಗ, ಬಟ್ಟೆ ಒಣಹಾಕುವಾಗ, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಬಂದು ನಿಲ್ಲುವಳು.

“ಅತ್ತಿಗೆ, ಕರೆಂಟು ಹೋಗಿ ಬಂದ್ರೆ?”

“ಆಗಲೂ ಆಗಲ್ಲ.”

“ಪಂಪ್ ಬಿದ್ದಿದ್ರೆ? ಹಿಂದಿನ ದಿನ ಯಾರೋ ಕೈಜಾರಿ ಬೀಳಿಸಿರಬಹುದು.”

“ಬಿದ್ರೆ ಒಡೆಯುತ್ತೆ ಗಿಣಿ. ಅಂಕಿ ಬದಲಾಗಲ್ಲ.”

“ಹೊಸ ಸಾಫ್ಟ್‌ವೇರ್ ಹಾಕಿದ್ದು ನಮ್ಮ ವಾರ್ಡಲ್ಲಿ ಅದೊಂದಕ್ಕೇ ಅಂತೆ.”

“ಹೊಸದರಲ್ಲೂ ಬೀಗ ಅದೇ.”

ಮೂರನೇ ವಾರ ಗಿಣಿ ಕೇಳುವುದನ್ನು ಬಿಟ್ಟಳು. ಯಾರ ದನಿಯನ್ನೂ ಮಾಡುತ್ತಿರಲಿಲ್ಲ, ತನ್ನದನ್ನೂ. ಟಿ.ವಿ. ಎದುರು ಕುಳಿತು ಬಲಗೈ ಹೆಬ್ಬೆರಳಿನಿಂದ ತೊಡೆಯ ಮೇಲೆ ಏನನ್ನೋ ಒತ್ತುತ್ತಿದ್ದಳು. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಮನೆ ಎಷ್ಟು ಸದ್ದಿಲ್ಲದಂತಾಯಿತೆಂದರೆ ಫ್ರಿಜ್ಜು ಗುರ್ ಎಂದು ಶುರುವಾದರೆ ಮೂವರೂ ಬೆಚ್ಚುತ್ತಿದ್ದರು.

ನಾಲ್ಕನೇ ವಾರದ ಸೋಮವಾರ ಸಮಿತಿಯಿಂದ ಇನ್ನೊಂದು ಕೋರಿಕೆ ಬಂತು. ಆ ಪುಟ ಓದಲು ಮಾತ್ರ ಎನ್ನುವುದಕ್ಕೆ ಕಾಗದದ ದಾಖಲೆ ಏನಾದರೂ ಇದ್ದರೆ ಪತ್ರದ ಜೊತೆ ಲಗತ್ತಿಸಬೇಕು. ಕಾಗದದವರಿಗೆ ಕಾಗದ ಬೇಕು ಎಂದುಕೊಂಡು ಬೀಗಿತ್ತಿ ಮೇಜಿನ ಮೇಲಿನ ಪರೀಕ್ಷೆಯ ಪಂಪಿಗೆ ಆ ಹೊಸ ಆವೃತ್ತಿಯನ್ನೇ ತುಂಬಿ, ಹಚ್ಚಿ, ಪುಟಗಳ ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಸಾಲಿಗೊಂದು ಪುಟ, ಎದುರಿಗೆ ಬೀಗದ ಗುರುತು. ಮೊದಲ ಇಪ್ಪತ್ತೆರಡು ಪುಟ, ಓದು ಮತ್ತು ನಡೆಸು. ಅಲ್ಲಿಂದ ಮೂವತ್ತಾರರ ತನಕ, ಓದು. ಕೋಷ್ಟಕ ಇದ್ದದ್ದು ಮೂವತ್ತೇಳರಲ್ಲಿ. ಅದರೆದುರು ‘ಓದು’ ಇತ್ತು, ಪಕ್ಕದಲ್ಲಿ ‘ಬರೆ’ಯೂ ಇತ್ತು.

ಪಟ್ಟಿಯೇ ತಪ್ಪಿರಬೇಕು ಎನಿಸಿತು. ಪಂಪು ಆರಿಸಿ ಮತ್ತೆ ಹಚ್ಚಿದಳು. ಮೂವತ್ತೇಳು ಕದಲಲಿಲ್ಲ.

ತಾನು ಬರೆದ ಇನ್ನೂರು ಸಾಲನ್ನು ತೆರೆದಳು. ನೂರ ನಲವತ್ತನೆಯ ಸಾಲಿನ ಹತ್ತಿರ ಬರುವಷ್ಟರಲ್ಲಿ ಎಲ್ಲ ನೆನಪಾಗಿತ್ತು.

ಒಂಬತ್ತು ತಿಂಗಳ ಹಿಂದೆ ಕರ್ನೆಲ್ ಉಬ್ಬಿ ಚಿಪ್‌ನಲ್ಲಿ ಹಿಡಿಸದೆ ಹೋಗಿತ್ತು, ಮೂರು ಸಾವಿರ ಅಕ್ಷರ ಹೆಚ್ಚು. ಓದಲು ಮಾತ್ರದ ವಿಭಾಗ ಪುಟದ ನಡುವಿನಲ್ಲಿ ಮುಗಿದರೆ ಉಳಿದ ಜಾಗವನ್ನು ಖಾಲಿ ಬಿಟ್ಟು, ಬರೆಯುವ ವಿಭಾಗವನ್ನು ಹೊಸ ಪುಟದಿಂದ ಆರಂಭಿಸುವುದು ರೂಢಿ. ಜಾಗವಿಲ್ಲದ ಕಡೆ ಖಾಲಿ ಬಿಡುವ ಶೋಕಿ ಯಾಕೆಂದು ಅವಳು ಎರಡನ್ನೂ ಒತ್ತೊತ್ತಾಗಿ ಇಟ್ಟಳು. ಕರ್ನೆಲ್ ಹಿಡಿಸಿತು. ಆದರೆ ಗಡಿಯ ಪುಟ ಎರಡೂ ವಿಭಾಗಕ್ಕೆ ಸೇರಿಹೋಯಿತು, ಅರ್ಧ ಪುಟಕ್ಕೆಂದು ಬೇರೆ ಬೀಗ ಇಲ್ಲ. ‘ಈ ಪುಟಕ್ಕೆ ಆಗಲೇ ಬೀಗ ಹಾಕಿದೆ’ ಎಂದು ಅವಳದೇ ಕೋಡು ತಕರಾರು ತೆಗೆದು ನಿಂತಿತು. ಆ ತಕರಾರಿನ ಸಾಲನ್ನು ಅಳಿಸಿ, ಎರಡೂ ಕಡೆಯ ಅನುಮತಿಗಳನ್ನು ಕೂಡಿಸು ಎಂದು ಬರೆದಿದ್ದಳು. ಓದಲು ಮಾತ್ರಕ್ಕೆ ಬರೆಯುವುದನ್ನು ಕೂಡಿಸಿದರೆ ಬರೆಯಬಹುದು ಎಂದೇ ಆಗುತ್ತದೆ. ಪಕ್ಕದಲ್ಲಿ ಅವಳದೇ ಟಿಪ್ಪಣಿ: ‘ಸದ್ಯಕ್ಕೆ. ಗಡಿಯಲ್ಲಿರುವುದು ಪರದೆಗೆ ಬರುವ ಸಂದೇಶಗಳಷ್ಟೇ. ಆಮೇಲೆ ಸರಿಮಾಡು.’

ಅಂದು ಗಡಿಯಲ್ಲಿದ್ದದ್ದು ಸಂದೇಶಗಳೇ, ಅದು ನಿಜ. ಹೊಸ ಆವೃತ್ತಿಗೆ ಇನ್ನೊಂದು ಸಿರಿಂಜ್ ಸೇರಿಸಿದಾಗ ಕೋಷ್ಟಕ ಜಾರಿ ತುದಿಗೆ ಬಂದಿತ್ತು. ಬೀಗ ಹೆಚ್ಚು ಬಿಗಿಯಾಗಿದ್ದರೆ ಯಂತ್ರ ಮೊದಲ ದಿನವೇ ಕುಸಿದು ಬಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸಡಿಲ ಬೀಗ ಯಾರನ್ನೂ ತಡೆಯುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳ ‘ಸದ್ಯಕ್ಕೆ’ಗೆ ಒಂಬತ್ತು ತಿಂಗಳು ತುಂಬಿತ್ತು.

ಪುಟದ ಬಾಗಿಲು ತೆರೆದಿತ್ತು ಸರಿ, ಒಳಗೆ ಬಂದವರು ಯಾರು? ಗಿಣಿ ಮೊದಲ ದಿನ ಹೇಳಿದ್ದು ಕಿವಿಯಲ್ಲಿ ಸುಳಿಯಿತು: ಪಂಪ್ ಹಚ್ಚಿದ ಕೂಡಲೇ ಸದ್ದಿನ ಬಟನ್ ಒತ್ತಿ ಬಾಯಿ ಮುಚ್ಚಿಸ್ದೆ. ಯಾವ ಎಚ್ಚರಿಕೆಯೂ ಮೊಳಗುವ ಮುಂಚೆ ಸದ್ದು ಬಂದ್ ಮಾಡುವವರನ್ನು ಆ ಬಟನ್ನಿನ ಕೋಡು ಬರೆದವರು ಊಹಿಸಿರಲಿಲ್ಲ. ಎರಡು ನಿಮಿಷದ ಮೌನವನ್ನು ಯಂತ್ರ ತನ್ನ ಗಡಿಯಾರದ ಲೆಕ್ಕದಲ್ಲಿ ಎರಡು ಸಾವಿರದ ನಾನೂರು ಎಂದು ಗುರುತು ಹಾಕಿಕೊಳ್ಳುತ್ತದೆ. ಅದನ್ನು ಎಚ್ಚರಿಕೆಗಳ ಪಟ್ಟಿಯಲ್ಲಿ ಹಿಂದಿನ ಎಚ್ಚರಿಕೆಯ ಜಾಗದಲ್ಲಿ ಬರೆಯಬೇಕು. ಹಿಂದಿನ ಎಚ್ಚರಿಕೆಯೇ ಇಲ್ಲದಾಗ ಪಟ್ಟಿಯ ಆರಂಭಕ್ಕಿಂತ ಒಂದು ಮನೆ ಹಿಂದೆ ಹೋಗಿ ಬರೆಯಿತು. ಆ ಮನೆ ಕೋಷ್ಟಕದ ಕೊನೆಯ ಸಾಲು. ಐವತ್ತು ಮಿಲಿಯ ಸಿರಿಂಜು. ಇನ್ನೂರ ನಲವತ್ತು ಇದ್ದ ಕಡೆ ಎರಡು ಸಾವಿರದ ನಾನೂರು. ಪಂಪು ಆರಿಸಿ ಹಚ್ಚಿದರೆ ಹಳೆಯ ಅಂಕಿಯೇ ಮರಳುತ್ತದೆ, ಸರ್ವಿಸಿನವನಿಗೆ ಐದೇ ಹರಿದದ್ದು ಅದಕ್ಕೇ.

ಅವಳು ಸಿರಿಂಜಿಗೆ ನೀರು ತುಂಬಿ ಹಾಕಿದಳು. ಹಚ್ಚಿ, ಸದ್ದಿನ ಬಟನ್ ಒತ್ತಿ, ಐದು ಒತ್ತಿದಳು. ಪರದೆ ಐದು ಎಂದಿತು. ಆರು ನಿಮಿಷಕ್ಕೆ ಬರಬೇಕಾದದ್ದು ಅರ್ಧ ಮಿಲಿ. ಲೋಟದಲ್ಲಿ ಐದು ಮಿಲಿ ನೀರಿತ್ತು. ಎರಡನೇ ಸಲ ಮಾಡಿ ಮೊಬೈಲಿನಲ್ಲಿ ಚಿತ್ರೀಕರಿಸಿದಳು. ಪಂಪು ಸದ್ದಿಲ್ಲದೆ ನಡೆಯುತ್ತಿತ್ತು. ತಾತ ಏಳಬಾರದೆಂದು ಮಾಡಿದ ಕೆಲಸ. ತಾತ ಎದ್ದಿರಲಿಲ್ಲ.

ಸಂಜೆ ಐದು ಗಂಟೆಯ ಹೊತ್ತಿಗೆ ಅವಳು ಎರಡು ಪುಟ ಬರೆದು ಸಮಿತಿಗೂ, ಹೊಸ ಆವೃತ್ತಿಯ ಪಂಪು ಹೋಗಿದ್ದ ಇನ್ನಿತರ ಆಸ್ಪತ್ರೆಗಳಿಗೂ ಕಳಿಸಿ, ಮ್ಯಾನೇಜರ ಕೋಣೆಗೆ ಹೋದಳು. ಅವರು ವಿಡಿಯೋ ನೋಡಿ ಕನ್ನಡಕ ತೆಗೆದು ಒರೆಸಿದರು.

“ಬೇಸಿಕಲಿ, ಇದು ಈಗ ನಮ್ಮಿಬ್ಬರಿಗೇ ಗೊತ್ತು.”

“ಇಲ್ಲ ಸಾರ್, ಎಲ್ಲ ಆಸ್ಪತ್ರೆಗೂ ಕಳಿಸಿಬಿಟ್ಟೆ. ಪಂಪ್ ಆರಿಸಿ ಇಡಿ ಅಂತ.”

“ಹಾಗಾದ್ರೆ ನನ್ನನ್ನ ಕೇಳೋಕೆ ಯಾಕೆ ಬಂದ್ರಿ?”

“ಕೇಳೋಕಲ್ಲ ಸಾರ್. ಹೇಳೋಕೆ ಬಂದೆ.”

ಅವಳು ಬ್ಯಾಗು ಎತ್ತಿಕೊಂಡು ಹೊರಟಳು. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡಳು: ನೀನು ಒತ್ತಿದ್ದು ಐದೇ ಗಿಣಿ.

ಗಿಣಿ ಹಾಸಿಗೆಯ ಮೇಲೆ ಯೂನಿಫಾರ್ಮುಗಳನ್ನು ಮಡಚಿ ಜೋಡಿಸುತ್ತಿದ್ದಳು. ನಾಲ್ಕು ಜೊತೆ, ಇಸ್ತ್ರಿ ಮಾಡಿದ್ದವು.

“ಗಿಣಿ, ನೀನು ಒತ್ತಿದ್ದು ಐದೇ. ತಪ್ಪು ನನ್ನದು. ಬೀಗ ನಾನೇ ತೆಗೆದಿಟ್ಟಿದ್ದೆ, ಮರೆತೇಬಿಟ್ಟಿದ್ದೆ.”

ಗಿಣಿ ತೋಳಿನ ಮಡಿಕೆ ಸರಿಮಾಡಿದಳು. “ಬೆಳಿಗ್ಗೆ ಸಹಿ ಹಾಕಿ ಬಂದೆ ಅತ್ತಿಗೆ.”

“ಏನಂತ?”

“ಐವತ್ತು ಒತ್ತಿದೆ ಅಂತ.”

“ಯಾಕೆ? ಒತ್ತಿರಲಿಲ್ವಲ್ಲ ನೀನು!”

“ಒತ್ತಿದ್ದೆ. ಈಗ ಚೆನ್ನಾಗಿ ನೆನಪಿದೆ. ಐದು ಒತ್ತಿ ತಾತನ ಹೊದಿಕೆ ಎಳೆಯೋಕೆ ಅಂತ ಆ ಕಡೆ ತಿರುಗಿದೆ. ಹೆಬ್ಬೆರಳು ಇನ್ನೂ ಪಂಪ್ ಮೇಲೇ ಇತ್ತು, ಸೊನ್ನೆ ಮೇಲೆ ಜಾರಿತು. ಸೊನ್ನೆ ಅಂಚು ಸ್ವಲ್ಪ ಸವೆದಿತ್ತು, ಬೆರಳಿಗೆ ತಾಗಿದ್ದೂ ಗೊತ್ತು.”

“ಹೋದ ತಿಂಗಳು ಇದ್ಯಾವುದೂ ನೆನಪಿರಲಿಲ್ಲ ನಿನಗೆ.”

“ಹೋದ ತಿಂಗಳು ನಿಮ್ಮನ್ನ ಎಷ್ಟು ಸಲ ಕೇಳಿದೆ, ಯಂತ್ರ ತಪ್ಪುತ್ತಾ ಅಂತ? ಅಷ್ಟು ಸಲವೂ ಇಲ್ಲ ಅಂದ್ರಿ. ಯಂತ್ರ ಅಲ್ಲ ಅಂದ್ಮೇಲೆ ಬೆರಳೇ ಅಲ್ವಾ?” ಗಿಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ದಿನಾ ಹುಡುಕಿದೆ ಅತ್ತಿಗೆ. ಕೊನೆಗೆ ಸಿಕ್ತು.”

ಬೀಗಿತ್ತಿ ಮೊಬೈಲು ತೆಗೆದು ವಿಡಿಯೋ ಹಚ್ಚಿ ಅವಳ ಮುಖದೆದುರು ಹಿಡಿದಳು. ಗಿಣಿ ಆರು ನಿಮಿಷವೂ ನೋಡಿದಳು, ಕಣ್ಣು ಕೀಳಲಿಲ್ಲ. ನೀರು ತೊಟ್ಟಿಕ್ಕಿ ಲೋಟದ ಐದರ ಗೆರೆ ಮುಟ್ಟಿತು.

“ಇದು ನಿಮ್ಮ ಟೇಬಲ್ ಮೇಲಿನ ಪಂಪ್,” ಎಂದಳು. “ಆವತ್ತು ಅಲ್ಲಿದ್ದದ್ದು ನಾನು.”

ಸಮಿತಿಯವರಿಗೆ ಅಷ್ಟು ಅನುಮಾನವಿರಲಿಲ್ಲ. ತಾವೇ ಒಂದು ಪಂಪು ತರಿಸಿ, ಬಾಯಿ ಮುಚ್ಚಿಸಿ, ಐದು ಒತ್ತಿ, ಲೋಟ ಹಿಡಿದು ನೋಡಿದರು. ಮೂರು ವಾರದಲ್ಲಿ ಆದೇಶ ಬಂತು: ಗಿಣಿಯ ತಪ್ಪೊಪ್ಪಿಗೆಯನ್ನು ಕೈಬಿಟ್ಟಿದೆ, ಕೆಲಸಕ್ಕೆ ಹಾಜರಾಗಬಹುದು. ಗಿಣಿಯ ಅಣ್ಣ ಅದನ್ನು ಜೋರಾಗಿ ಎರಡು ಸಲ ಓದಿದ. ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ. ಆ ಮೂರು ವಾರ ಏರಿಳಿತದ ಮಾತನ್ನು ಅವನು ಒಮ್ಮೆಯೂ ಆಡಿರಲಿಲ್ಲ. ಕಂಪನಿಯಲ್ಲಿ ಕರ್ನೆಲನ್ನು ಬೇರೆಯವರಿಗೆ ಕೊಟ್ಟು, ಬೀಗಿತ್ತಿಯನ್ನು ಪಂಪಿನ ಕೈಪಿಡಿಯಲ್ಲಿ ಅಕ್ಷರ ತಪ್ಪು ತಿದ್ದಲು ಕೂರಿಸಿದ್ದರು. ಆ ಅಡ್ಡಹೆಸರಿನಿಂದ ಈಗ ಯಾರೂ ಕರೆಯುತ್ತಿರಲಿಲ್ಲ. ಕರೆಯಲೇಬೇಕಾದಾಗ “ಮೇಡಂ” ಎನ್ನುತ್ತಿದ್ದರು.

ಮೊದಲ ದಿನ ಗಿಣಿಯ ಜೊತೆ ಅವಳೂ ಹೋದಳು. ಗಿಣಿ ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ವಾರ್ಡಿನ ಬಾಗಿಲಿನ ದುಂಡು ಗಾಜಿನಿಂದ ಒಳಗೆ ಕಾಣುತ್ತಿತ್ತು. ಮೂರನೇ ಹಾಸಿಗೆಯಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಬೇರೆ ಯಾವುದೋ ಕಂಪನಿಯ ಪಂಪು. ಗಿಣಿ ಸಿರಿಂಜು ಕೂರಿಸಿ ಅಂಕಿ ಒತ್ತಿದಳು. ನೋಡಿದಳು. ಅಳಿಸಿ ಮತ್ತೆ ಒತ್ತಿದಳು. ಬಗ್ಗಿ ಪರದೆಗೆ ಮುಖ ತಾಗುವಷ್ಟು ಹತ್ತಿರದಿಂದ ನೋಡಿ, ಮತ್ತೆ ಅಳಿಸಿದಳು. ಪಕ್ಕದ ಹಾಸಿಗೆಯ ಹತ್ತಿರವಿದ್ದ ಹಿರಿಯ ನರ್ಸನ್ನು ಕರೆದಳು.

“ನಾಲ್ಕು ಅಂತ ಇಷ್ಟು ದಪ್ಪಕ್ಕೆ ಬಂದಿದೆಯಲ್ಲೇ, ಕಾಣ್ತಿಲ್ವಾ?” ಎಂದರು ಅವರು ನಗುತ್ತ. ಬಾಗಿಲಾಚೆಗೂ ಕೇಳಿಸಿತು.

“ಕಾಣ್ತಿದೆ ಸಿಸ್ಟರ್,” ಎಂದಳು ಗಿಣಿ. “ಆದ್ರೂ ನೀವೇ ಒತ್ತಿಬಿಡಿ.”

ಪಂಪಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಬಲಗೈಯನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡಳು.